ಯಾರು ಸದಸ್ಯರು? ಬೆಂಗಳೂರಿನ ಬಡಾವಣೆ ಕ್ಲಬ್ಬೊಂದು ರಿಜಿಸ್ಟರ್ ಬಿಟ್ಟು ವೆಬ್‌ಸೈಟಿಗೆ ಬಂದ ಪ್ರಕರಣ

ಹಿನ್ನೆಲೆ

ಬೆಂಗಳೂರಿನ ದಕ್ಷಿಣದ ಕಡೆಯ ಒಂದು ಹಳೆಯ ಬಡಾವಣೆಯಲ್ಲಿ ಈ ಕ್ಲಬ್ ಇದೆ. ಕ್ಲಬ್ ಅಂದ ಕೂಡಲೇ ವಿಶ್ವೇಶ್ವರಯ್ಯನವರು 1917ರಲ್ಲಿ ಶುರು ಮಾಡಿದ ಸೆಂಚುರಿ ಕ್ಲಬ್ಬಿನಂಥದ್ದನ್ನು ನೆನೆಯಬೇಡಿ. ಇಲ್ಲಿ ಬಾರ್ ಇಲ್ಲ, ಈಜುಕೊಳ ಇಲ್ಲ, ಸದಸ್ಯತ್ವಕ್ಕೆ ವರ್ಷಗಟ್ಟಲೆ ಕಾಯುವವರೂ ಇಲ್ಲ. ಎರಡು ಶಟಲ್ ಕೋರ್ಟು, ಒಂದು ಟೇಬಲ್ ಟೆನಿಸ್ ರೂಮು, ಕೆಲವು ಕೇರಂ ಬೋರ್ಡು, ಬೆಳಿಗ್ಗೆ ಪೇಪರ್ ಓದುವವರಿಗೆ ಒಂದು ವರಾಂಡ. ಬೇಸಿಗೆಯಲ್ಲಿ ಮಕ್ಕಳ ಕ್ಯಾಂಪು, ನವೆಂಬರ್‌ನಲ್ಲಿ ರಾಜ್ಯೋತ್ಸವ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ನೋಂದಣಿಯಾದ ಸಂಘ. ಅಂದರೆ ಸದಸ್ಯರ ರಿಜಿಸ್ಟರ್ ಇಡಬೇಕು, ವರ್ಷಕ್ಕೊಮ್ಮೆ ಮಹಾಸಭೆ ಕರೆಯಬೇಕು, ಆಡಳಿತ ಸಮಿತಿಯ ಪಟ್ಟಿ ಮತ್ತು ಆಡಿಟ್ ಆದ ಲೆಕ್ಕವನ್ನು ರಿಜಿಸ್ಟ್ರಾರ್ ಕಚೇರಿಗೆ ಕೊಡಬೇಕು.

ನಾನು ಇದರ ಸಾಮಾನ್ಯ ಸದಸ್ಯ. ವೆಬ್‌ಸೈಟ್ ಕೆಲಸಕ್ಕೆ ಅಂತ ಮಾಡಿದ ಉಪಸಮಿತಿಯಲ್ಲಿ ಇದ್ದೆ. ಗುರುತು ಸಿಗಬಾರದು ಅಂತ ಕೆಲವು ವಿವರಗಳನ್ನು ಬಿಟ್ಟಿದ್ದೇನೆ, ಕೆಲವನ್ನು ಬದಲಿಸಿದ್ದೇನೆ. ತೀರ್ಮಾನಗಳು ಮಾತ್ರ ನಡೆದ ಹಾಗೇ ಇವೆ.

ಸದಸ್ಯರಲ್ಲಿ ನಾಲ್ಕು ಬಗೆ: ಆಜೀವ, ವಾರ್ಷಿಕ, ಕುಟುಂಬ, ವಿದ್ಯಾರ್ಥಿ. ಒಟ್ಟು ನಾನೂರರ ಆಸುಪಾಸು. ಸರಿಯಾದ ಸಂಖ್ಯೆ ಆಗ ಯಾರಿಗೂ ಗೊತ್ತಿರಲಿಲ್ಲ. ಸೆಕ್ರೆಟರಿಯವರ ಎಕ್ಸೆಲ್ ಒಂದು ಲೆಕ್ಕ ಹೇಳುತ್ತಿತ್ತು, ಖಜಾಂಚಿಯವರ ರಸೀದಿ ಪುಸ್ತಕ ಇನ್ನೊಂದು, ವಾಟ್ಸಾಪ್ ಗ್ರೂಪು ಮತ್ತೊಂದು. ಬೀರುವಿನಲ್ಲಿದ್ದ ದಪ್ಪ ರಿಜಿಸ್ಟರ್ ಈ ಮೂರಕ್ಕೂ ತಾಳೆಯಾಗುತ್ತಿರಲಿಲ್ಲ.

ಆದರೂ ಇಷ್ಟು ವರ್ಷ ಗಲಾಟೆ ಇಲ್ಲದೆ ನಡೆಯಿತು. ಅದಕ್ಕೆ ಕಾರಣ ಮ್ಯಾನೇಜರು. ಕಾಗದದ ಮೇಲೆ ಅವರು ಗುಮಾಸ್ತರು, ಎಲ್ಲರ ಬಾಯಲ್ಲಿ ಮ್ಯಾನೇಜರ್. ಸದಸ್ಯತ್ವದ ಸಂಖ್ಯೆ ಕೇಳಿದರೆ ಅವರಿಗೆ ಹೊಳೆಯುವುದಿಲ್ಲ. "ಎಂಟನೇ ಕ್ರಾಸ್, ಡಾಕ್ಟ್ರು ಮನೆ ಎದುರು, ಮೇಲಿನ ಮನೆಯವ್ರು" ಅಂದರೆ ಸಾಕು, ಆ ಮನೆಯಲ್ಲಿ ಯಾರು ಸದಸ್ಯರು, ಯಾರು ಬಾಕಿ, ಯಾರ ಮಗ ಈಗ ಹೈದರಾಬಾದಿನಲ್ಲಿದ್ದಾನೆ ಎಲ್ಲ ಹೇಳುತ್ತಾರೆ. ಕ್ಲಬ್ಬಿನ ನಿಜವಾದ ಡೇಟಾಬೇಸ್ ಅವರ ತಲೆಯೇ.

ಸಮಸ್ಯೆ ಎದ್ದದ್ದು ಎಲ್ಲಿ

2024ರ ಮಹಾಸಭೆ. ಆ ಸಲ ಸಮಿತಿಗೆ ಚುನಾವಣೆ ಇತ್ತು, ಎರಡು ಗುಂಪು ಆಗಿದ್ದವು. ಓಟು ಶುರುವಾಗುವ ಹೊತ್ತಿಗೆ ಒಬ್ಬರು ಎದ್ದು ನಿಂತು, "ಈ ಪಟ್ಟಿಯಲ್ಲಿ ಬಾಕಿ ಇರೋರ ಹೆಸರೂ ಇದೆ, ಅವರು ಓಟು ಹಾಕೋ ಹಾಗಿಲ್ಲ" ಅಂದರು. ಸಂಘದ ನಿಯಮಾವಳಿಯಲ್ಲಿ, ಅಂದರೆ ಬೈಲಾದಲ್ಲಿ, ಹಾಗೇ ಇದೆ. ಮೂರು ತಿಂಗಳಿಗಿಂತ ಜಾಸ್ತಿ ಬಾಕಿ ಇದ್ದವರಿಗೆ ಓಟಿಲ್ಲ. ಹೆಸರು ಹೇಳಿ ಅಂದಾಗ ಅವರು ಮುಂದಿನ ಸಾಲಿನಲ್ಲಿದ್ದ ಒಬ್ಬ ಹಿರಿಯರ ಹೆಸರು ಹೇಳಿದರು.

ಹಿರಿಯರು ಸುಮ್ಮನೆ ಫೋನ್ ತೆಗೆದು ಸ್ಕ್ರೀನ್‌ಶಾಟ್ ತೋರಿಸಿದರು. ದುಡ್ಡು ಏಪ್ರಿಲ್‌ನಲ್ಲೇ ಕ್ಲಬ್ಬಿನ ಖಾತೆಗೆ ಹೋಗಿತ್ತು. ಕಳಿಸಿದ್ದು ಮಾತ್ರ ಅಳಿಯನ ಫೋನಿನಿಂದ. ಹಾಗಾಗಿ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಅಳಿಯನ ಹೆಸರು, ಪಕ್ಕದಲ್ಲಿ 12 ಅಂಕಿಯ ಯುಪಿಐ ರೆಫರೆನ್ಸ್ ನಂಬರು, ಅಷ್ಟೇ. ಅಳಿಯ ಕ್ಲಬ್ಬಿನ ಸದಸ್ಯನಲ್ಲ. ಖಜಾಂಚಿಯವರು ಆ ಮೊತ್ತವನ್ನು "ಯಾರದ್ದು ತಿಳಿದಿಲ್ಲ" ಅನ್ನುವ ಸಾಲಿನಲ್ಲಿ ಬರೆದು ಇಟ್ಟಿದ್ದರು. ಆ ಸಾಲಿನಲ್ಲಿ ಅಂಥವು ಇನ್ನೂ ಎಷ್ಟೋ ಇದ್ದವು. ಅಳಿಯಂದಿರು, ಸೊಸೆಯರು, ಅಮೆರಿಕದಲ್ಲಿರುವ ಮಕ್ಕಳು, ಒಂದು ಕಡೆ ಪಕ್ಕದ ಮನೆಯವರೂ.

ಆ ದಿನ ಎರಡೂ ಗುಂಪು ಒಪ್ಪಿ, ಎಲ್ಲರೂ ಓಟು ಹಾಕಲಿ ಅಂತ ಬಿಟ್ಟವು. ಅಂತರ ಜಾಸ್ತಿ ಇದ್ದದ್ದರಿಂದ ಫಲಿತಾಂಶದ ಬಗ್ಗೆ ತಕರಾರು ಬರಲಿಲ್ಲ. ನಾಲ್ಕೈದು ಓಟಿನ ಅಂತರ ಇದ್ದಿದ್ದರೆ ವಿಷಯ ರಿಜಿಸ್ಟ್ರಾರ್ ಕಚೇರಿಗೆ ಹೋಗುತ್ತಿತ್ತು, ಅನುಮಾನವೇ ಇಲ್ಲ. ಹೊಸ ಸಮಿತಿ ಮೊದಲ ಸಭೆಯಲ್ಲೇ ತೀರ್ಮಾನಿಸಿತು: ಸದಸ್ಯರ ಪಟ್ಟಿ ವೆಬ್‌ಸೈಟಿಗೆ ಹೋಗಬೇಕು.

ಗಮನಿಸಿ, "ಪಟ್ಟಿಯನ್ನು ಸರಿ ಮಾಡಬೇಕು" ಅಂತ ತೀರ್ಮಾನ ಆಗಲಿಲ್ಲ. ವೆಬ್‌ಸೈಟ್ ಬಂದರೆ ಪಟ್ಟಿ ತಾನೇ ಸರಿಯಾಗುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದರು.

ಮೊದಲ ಪ್ರಯತ್ನ

ಇದನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಬಹಳ ಕಡೆ ಹೀಗೇ ಆಗುತ್ತದೆ. ಒಬ್ಬ ಸದಸ್ಯರ ಮಗ ಇಂಜಿನಿಯರ್. ಬಿಡುವಿನ ವೇಳೆಯಲ್ಲಿ ಕಾಸು ತೆಗೆದುಕೊಳ್ಳದೆ ಚೆಂದದ ಸೈಟ್ ಮಾಡಿಕೊಟ್ಟ. ಡೊಮೈನ್ ಅವನ ಸ್ವಂತ ಇಮೇಲಿನಲ್ಲಿ ನೋಂದಣಿಯಾಗಿತ್ತು, ಬಾಡಿಗೆ ಅವನ ಕಾರ್ಡಿನಿಂದ ಹೋಗುತ್ತಿತ್ತು. ಅವನಿಗೆ ಹೊರದೇಶದಲ್ಲಿ ಕೆಲಸ ಸಿಕ್ಕಿತು. ಕೆಲವು ತಿಂಗಳಲ್ಲಿ ಕಾರ್ಡು ಬದಲಾಯಿತು, ಸೈಟು ನಿಂತಿತು. ಹುಡುಗನ ಮೇಲೆ ತಪ್ಪು ಹೊರಿಸುವಂತಿಲ್ಲ. ಕ್ಲಬ್ಬಿನ ಆಸ್ತಿ ಕ್ಲಬ್ಬಿನ ಹೆಸರಿನಲ್ಲಿ ಇರಬೇಕು ಅನ್ನುವುದು ಕಟ್ಟಡದ ವಿಷಯದಲ್ಲಿ ಎಲ್ಲರಿಗೂ ಗೊತ್ತು, ಡೊಮೈನ್ ವಿಷಯದಲ್ಲಿ ಯಾರಿಗೂ ಹೊಳೆಯಲಿಲ್ಲ.

ಎರಡನೇ ಪ್ರಯತ್ನ: ಸಿದ್ಧ ಸೇವೆ

ಈ ಸಲ ಸ್ವಂತ ಸೈಟ್ ಕಟ್ಟುವ ಗೋಜಿಗೆ ಹೋಗಲಿಲ್ಲ. ಸದಸ್ಯತ್ವ ನೋಡಿಕೊಳ್ಳುವುದಕ್ಕೇ ಮಾಡಿದ, ವರ್ಷಕ್ಕೆ ಇಷ್ಟು ಅಂತ ದುಡ್ಡು ಕಟ್ಟುವ ಒಂದು ಸೇವೆಯನ್ನು ಆರಿಸಿದೆವು. ಆರಿಸುವಾಗ ನೋಡಿದ್ದು ಮೂರೇ ವಿಷಯ. ಬೇಡ ಅನ್ನಿಸಿದ ದಿನ ಇಡೀ ಪಟ್ಟಿ ಎಕ್ಸೆಲ್ ಆಗಿ ಹೊರಗೆ ಬರುತ್ತದಾ? ಹೆಸರು ಕನ್ನಡದಲ್ಲಿ ನಿಲ್ಲುತ್ತದಾ? ಖಾತೆ ಕ್ಲಬ್ಬಿನ ಇಮೇಲಿಗೆ ಸೇರಿರುತ್ತದಾ? ಉಳಿದ ಸೌಲಭ್ಯಗಳ ಪಟ್ಟಿ ಉದ್ದ ಇತ್ತು, ಅದಕ್ಕೆ ಮರುಳಾಗಲಿಲ್ಲ.

ಮೊದಲ ಕೆಲಸ ಹಳೆಯ ಪಟ್ಟಿಯನ್ನು ಒಳಗೆ ಹಾಕುವುದು. ಇಲ್ಲೇ ಸಿಕ್ಕಿಬಿದ್ದೆವು. ಹಿಂದಿನ ಸೆಕ್ರೆಟರಿಯೊಬ್ಬರು ಇಡೀ ಪಟ್ಟಿಯನ್ನು ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಸಿದ್ದರು. ಆ ಫಾಂಟು ಯೂನಿಕೋಡ್ ಅಲ್ಲ, ಅಂದರೆ ಎಲ್ಲ ಕಂಪ್ಯೂಟರು, ಸೈಟುಗಳು ಓದುವ ಸಾಮಾನ್ಯ ಅಕ್ಷರ ಪದ್ಧತಿಯದ್ದಲ್ಲ. ಕಾಪಿ ಮಾಡಿ ಸೈಟಿನಲ್ಲಿ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ರಾಶಿ. ಪರಿವರ್ತಕ ಬಳಸಿ ಯೂನಿಕೋಡಿಗೆ ತಂದೆವು. ಬಹುಪಾಲು ಸರಿಯಾಗಿ ಬಂತು. ಅರ್ಕಾವತ್ತು ಇದ್ದ ಕಡೆ ಮಾತ್ರ ಅಲ್ಲಲ್ಲಿ ಎಡವಿತು. ಸೂರ್ಯನಾರಾಯಣ, ಕೀರ್ತಿ, ದುರ್ಗಪ್ಪ ಇಂಥ ಹೆಸರುಗಳನ್ನು ಒಂದೊಂದಾಗಿ ಕಣ್ಣಲ್ಲಿ ನೋಡಿ ತಿದ್ದಬೇಕಾಯಿತು.

ಆಮೇಲೆ ಹೆಸರಿನ ಪೆಟ್ಟಿಗೆ. ಸೈಟು ಮೊದಲ ಹೆಸರು ಬೇರೆ, ಕೊನೆಯ ಹೆಸರು ಬೇರೆ ಕೇಳುತ್ತಿತ್ತು, ಎರಡೂ ಕಡ್ಡಾಯ. ನಮ್ಮ ಸದಸ್ಯರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಕೊನೆಯ ಹೆಸರೇ ಇಲ್ಲ. ಊರಿನ ಇನಿಷಿಯಲ್, ಅಪ್ಪನ ಇನಿಷಿಯಲ್, ಆಮೇಲೆ ಹೆಸರು. ಒಬ್ಬರು ಇನಿಷಿಯಲ್ಲನ್ನು ಮುಂದೆ ಹಾಕಿದರು, ಇನ್ನೊಬ್ಬರು ಹಿಂದೆ. ಪತ್ನಿಯರ ಅರ್ಜಿಯಲ್ಲಿ ಕೆಲವರಿಗೆ ಗಂಡನ ಹೆಸರು, ಕೆಲವರಿಗೆ ಅಪ್ಪನ ಇನಿಷಿಯಲ್. ಹೀಗಾಗಿ ಎಚ್. ಎಸ್. ಲಕ್ಷ್ಮೀದೇವಿ, ಲಕ್ಷ್ಮಿ ದೇವಿ ಎಚ್ ಎಸ್, ಶ್ರೀಮತಿ ಲಕ್ಷ್ಮೀದೇವಮ್ಮ ಮೂವರೂ ಮೂರು ಸದಸ್ಯರಾಗಿ ಕೂತಿದ್ದರು (ಹೆಸರು ಉದಾಹರಣೆಗೆ ಮಾತ್ರ). ಮೂರೂ ಒಬ್ಬರೇ. ಕೊನೆಗೆ ಎರಡು ಪೆಟ್ಟಿಗೆ ತೆಗೆದುಹಾಕಿ ಪೂರ್ತಿ ಹೆಸರಿಗೆ ಒಂದೇ ಪೆಟ್ಟಿಗೆ ಮಾಡಿದೆವು. ಕನ್ನಡದಲ್ಲಿ ಒಂದು, ಬ್ಯಾಂಕಿನಲ್ಲಿ ಇರುವ ಹಾಗೆ ಇಂಗ್ಲಿಷಿನಲ್ಲಿ ಒಂದು.

ಡಬಲ್ ಎಂಟ್ರಿಗಳನ್ನು ಹುಡುಕಿಕೊಟ್ಟದ್ದು ಸಾಫ್ಟ್‌ವೇರ್ ಅಲ್ಲ, ಮ್ಯಾನೇಜರು. ಪ್ರಿಂಟ್ ತೆಗೆದು ಅವರ ಮುಂದೆ ಇಟ್ಟೆವು. ಮಧ್ಯಾಹ್ನ ಊಟ ಮುಗಿಸಿ ಕೂತರೆ ಪೆನ್ಸಿಲ್ ಹಿಡಿದು ಗೀಟು ಹಾಕುತ್ತಾ ಹೋಗುತ್ತಿದ್ದರು. "ಸಾರ್, ಇವ್ರು ತೀರ್ಕೊಂಡ್ರು. ಇವ್ರು ಮೈಸೂರಿಗೆ ಹೋದ್ರು. ಇದೂ ಇದೂ ಒಬ್ರೇ. ಇವ್ರು ಇದಾರೆ, ಆದ್ರೆ ಬರಲ್ಲ." ಅವರ ಒಂದು ಬೇಡಿಕೆ ಇತ್ತು. ನಂಬರಿನಿಂದ ಹುಡುಕುವುದು ತನಗೆ ಬೇಡ, ಕ್ರಾಸು ಮತ್ತು ಮನೆ ನಂಬರಿನಿಂದ ಹುಡುಕಲು ಬರಬೇಕು. ಮೇನ್, ಕ್ರಾಸ್, ಬ್ಲಾಕ್ ಮೂರಕ್ಕೂ ಬೇರೆ ಬೇರೆ ಪೆಟ್ಟಿಗೆ ಮಾಡಿದೆವು. ಜೊತೆಗೆ "ಗುರುತು" ಅಂತ ಒಂದು ಜಾಗ. ಅಲ್ಲಿ "ಡಾಕ್ಟ್ರು ಮನೆ ಎದುರು" ಅಂತ ಬರೆಯಬಹುದು. ಇಡೀ ಸೈಟಿನಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬಂದದ್ದು ಆ ಜಾಗ ಅಂತ ನನ್ನ ಅಭಿಪ್ರಾಯ.

ಮೊಬೈಲ್ ನಂಬರಿನದ್ದು ಇನ್ನೊಂದು ಕಥೆ. ಒಬ್ಬ ಸದಸ್ಯರಿಗೆ ಒಂದು ನಂಬರು, ಅದಕ್ಕೆ ಒಟಿಪಿ ಬಂದರೆ ಲಾಗಿನ್. ಇದು ಸೈಟಿನ ನಿಯಮ. ಆದರೆ ಗಂಡ ಹೆಂಡತಿ ಇಬ್ಬರಿಗೂ ಒಂದೇ ಫೋನ್ ಇರುವ ಮನೆಗಳಿವೆ. ಒಂದು ಮನೆಯಲ್ಲಿ ಹಿರಿಯರು ಕೊಟ್ಟಿದ್ದದ್ದು ಮಗಳ ನಂಬರು, ಮಗಳು ಇರುವುದು ವೈಟ್‌ಫೀಲ್ಡಿನಲ್ಲಿ. ಒಟಿಪಿಗಾಗಿ ಪ್ರತಿ ಸಲ ಅವಳಿಗೆ ಫೋನ್ ಮಾಡಬೇಕು. ಇಲ್ಲಿ ತೆಗೆದುಕೊಂಡ ತೀರ್ಮಾನ ಮುಂದೆ ಬಹಳ ಉಪಕಾರ ಮಾಡಿತು. ಸದಸ್ಯತ್ವ ಸಂಖ್ಯೆಯೇ ಗುರುತು, ಫೋನು ಸಂಪರ್ಕಕ್ಕೆ ಮಾತ್ರ. ಲಾಗಿನ್ ಆಗಲೇಬೇಕು ಅಂತ ಯಾರಿಗೂ ಒತ್ತಾಯ ಇಲ್ಲ. ಕೌಂಟರಿಗೆ ಬಂದರೆ ಮ್ಯಾನೇಜರು ಅವರ ಪರವಾಗಿ ಎಲ್ಲ ಮಾಡಿಕೊಡುತ್ತಾರೆ.

ಸೈಟು ಕೇಳಿದ ಪ್ರಶ್ನೆಗಳು

ಇಲ್ಲಿಯವರೆಗಿನದ್ದು ಬರೀ ಶ್ರಮದ ಕೆಲಸ. ನಿಜವಾದ ಕಷ್ಟ ಸೆಟ್ಟಿಂಗ್ಸ್ ಪುಟದಲ್ಲಿ ಕಾದಿತ್ತು. ಅಲ್ಲಿ ಖಾಲಿ ಪೆಟ್ಟಿಗೆಗಳು, ಪ್ರತಿಯೊಂದಕ್ಕೂ ಒಂದು ಉತ್ತರ ಕೊಡಲೇಬೇಕು. ಸದಸ್ಯತ್ವ ಯಾವತ್ತು ಮುಗಿಯುತ್ತದೆ? ಸೇರಿದ ದಿನದಿಂದ ಒಂದು ವರ್ಷಕ್ಕೋ, ಎಲ್ಲರಿಗೂ ಮಾರ್ಚ್ 31ಕ್ಕೋ? ಮುಗಿದ ಮೇಲೆ ಎಷ್ಟು ದಿನ ಬಿಡಬೇಕು? ಕುಟುಂಬ ಅಂದರೆ ಯಾರು ಯಾರು? ಮದುವೆಯಾದ ಮಗ ಅದೇ ಮನೆಯ ಮಹಡಿಯಲ್ಲಿದ್ದರೆ? ಕುಟುಂಬ ಸದಸ್ಯತ್ವಕ್ಕೆ ಓಟು ಒಂದೋ ಎರಡೋ?

ಬೈಲಾ ತೆಗೆದು ನೋಡಿದರೆ ಅರ್ಧಕ್ಕೆ ಉತ್ತರ ಇಲ್ಲ. ಇದ್ದ ಕಡೆ "ಸಮಿತಿಯ ವಿವೇಚನೆಗೆ ಬಿಟ್ಟದ್ದು" ಅಂತ ಇತ್ತು. ಇಷ್ಟು ವರ್ಷ ಇವೆಲ್ಲವನ್ನೂ ಮುಖ ನೋಡಿ ತೀರ್ಮಾನಿಸುತ್ತಿದ್ದರು. ಒಬ್ಬರಿಗೆ ಜೂನ್‌ವರೆಗೂ ನಡೆಯಿತು, ಇನ್ನೊಬ್ಬರಿಗೆ ಏಪ್ರಿಲ್ 10ಕ್ಕೇ ಕೋರ್ಟು ಬಂದ್. ಕೇಳಿದರೆ ಮ್ಯಾನೇಜರು "ಕಮಿಟಿ ಹೇಳ್ತು ಸಾರ್" ಅನ್ನುತ್ತಿದ್ದರು, ಕಮಿಟಿಯವರು "ಮ್ಯಾನೇಜರ್ ನೋಡ್ಕೊಳ್ತಾರೆ" ಅನ್ನುತ್ತಿದ್ದರು.

ಸಮಿತಿ ಇದಕ್ಕೆ ತೆಗೆದುಕೊಂಡ ಸಮಯ ಬೇರೆ ಯಾವುದಕ್ಕೂ ತೆಗೆದುಕೊಳ್ಳಲಿಲ್ಲ. ಕೆಲವರು ಬೇಸತ್ತು, "ಈಗ ಏನೋ ಒಂದು ಹಾಕಿ, ಆಮೇಲೆ ಬದಲಾಯಿಸೋಣ" ಅಂದರು. ಅಧ್ಯಕ್ಷರು ಒಪ್ಪಲಿಲ್ಲ. ಪೆಟ್ಟಿಗೆಯಲ್ಲಿ ಏನು ಹಾಕಿದರೂ ಅದು ನಿಯಮವಾಗಿಬಿಡುತ್ತದೆ, ನಿಯಮ ಮಾಡುವ ಹಕ್ಕು ಉಪಸಮಿತಿಗೆ ಇಲ್ಲ ಅನ್ನುವುದು ಅವರ ವಾದ. ಸರಿಯಾದ ವಾದ. ಬೈಲಾ ತಿದ್ದಬೇಕಾದದ್ದನ್ನು ಮಹಾಸಭೆಗೆ ಬಿಟ್ಟು, ಸಮಿತಿಯ ಕೈಯಲ್ಲಿದ್ದದ್ದನ್ನು ನಿರ್ಣಯ ಮಾಡಿ ಮಿನಿಟ್ಸಿನಲ್ಲಿ ಬರೆದರು. ವರ್ಷ ಏಪ್ರಿಲ್‌ನಿಂದ ಮಾರ್ಚ್. ಜೂನ್ 30ರವರೆಗೆ ಬಿಡುವು. ನಡುವೆ ಸೇರಿದವರಿಗೆ ಉಳಿದ ತಿಂಗಳಿಗೆ ತಕ್ಕಷ್ಟು ಚಂದಾ.

ಮಾಹಿತಿಯ ಬಗ್ಗೆಯೂ ಒಂದು ತೀರ್ಮಾನ ಆಯಿತು. ಹಳೆಯ ಅರ್ಜಿಗಳ ಜೊತೆ ಆಧಾರ್ ಜೆರಾಕ್ಸ್ ಪಿನ್ ಮಾಡಿ ಇಡುತ್ತಿದ್ದರು. ಯಾಕೆ ಅಂದರೆ ಯಾರಿಗೂ ಗೊತ್ತಿಲ್ಲ, ಎಲ್ಲರೂ ಕೇಳ್ತಾರೆ ಅಲ್ವಾ ಅಂತ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ವಕೀಲಿ ಮಾಡುವ ಒಬ್ಬ ಸದಸ್ಯರು ವಿವರಿಸಿದರು. ಕೆಲಸಕ್ಕೆ ಬೇಕಾದಷ್ಟೇ ಕೇಳಬೇಕು, ಯಾಕೆ ಅಂತ ಹೇಳಿ ಒಪ್ಪಿಗೆ ಪಡೆಯಬೇಕು, 18 ತುಂಬದವರಾದರೆ ತಂದೆ ತಾಯಿಯ ಒಪ್ಪಿಗೆ ಬೇಕು. ಆಧಾರ್ ಕೇಳುವುದು ನಿಂತಿತು. ವಿದ್ಯಾರ್ಥಿ ಸದಸ್ಯರ ಅರ್ಜಿಗೆ ಪೋಷಕರ ಒಪ್ಪಿಗೆ ಸೇರಿತು. ಸದಸ್ಯರ ಡೈರೆಕ್ಟರಿಯಲ್ಲಿ ಫೋನ್ ನಂಬರು ಕಾಣಿಸಬೇಕಾ ಅನ್ನುವ ಪ್ರಶ್ನೆಗೆ ಮಹಿಳಾ ಸದಸ್ಯರು ಒಟ್ಟಾಗಿ ಬೇಡ ಅಂದರು. ಕಾಣಿಸದಿರುವುದೇ ಮೊದಲಿನ ಸ್ಥಿತಿ, ಬೇಕಾದವರು ತಾವೇ ಆನ್ ಮಾಡಿಕೊಳ್ಳಲಿ ಅಂತ ಆಯಿತು.

ದುಡ್ಡಿನ ವಿಷಯ

ಆನ್‌ಲೈನಿನಲ್ಲಿ ದುಡ್ಡು ಪಡೆದು ಖಾತೆಗೆ ಹಾಕುವ ಪೇಮೆಂಟ್ ಗೇಟ್‌ವೇ ಬೇಕು ಅಂದಾಗ ಕಾಗದಪತ್ರ ಶುರುವಾಯಿತು. ಸಂಘದ ನೋಂದಣಿ ಪ್ರಮಾಣಪತ್ರ, ಸಂಘದ ಪ್ಯಾನ್, ಸಂಘದ ಹೆಸರಿನ ಖಾತೆ, ಯಾರು ಸಹಿ ಮಾಡಬೇಕು ಅನ್ನುವ ಸಮಿತಿಯ ನಿರ್ಣಯ. ಇದು ಹೇಗೋ ಆಯಿತು. ಮರುಪಾವತಿ ನಿಯಮವನ್ನು ಸೈಟಿನಲ್ಲಿ ಹಾಕಿ ಅಂತಲೂ ಕೇಳಿದರು. ಮರುಪಾವತಿ? ಕ್ಲಬ್ಬು ಹುಟ್ಟಿದಾಗಿನಿಂದ ಯಾರಿಗೂ ದುಡ್ಡು ವಾಪಸ್ ಕೊಟ್ಟ ದಾಖಲೆ ಇಲ್ಲ. ಎರಡು ಸಲ ಕಟ್ಟಿದವರಿಗೆ "ಮುಂದಿನ ವರ್ಷಕ್ಕೆ ಇಟ್ಕೋತೀವಿ" ಅನ್ನುತ್ತಿದ್ದರು. ಅದಕ್ಕೂ ಒಂದು ನಿರ್ಣಯ ಬೇಕಾಯಿತು.

ಗೇಟ್‌ವೇಯಿಂದ ಬಂದ ದೊಡ್ಡ ಲಾಭ ಒಂದೇ. ಪ್ರತಿ ಸದಸ್ಯರಿಗೂ ಅವರದ್ದೇ ಪೇಮೆಂಟ್ ಲಿಂಕ್. ಅಳಿಯ ಕಟ್ಟಲಿ, ಮಗಳು ಕಟ್ಟಲಿ, ದುಡ್ಡು ಆ ಸದಸ್ಯತ್ವ ಸಂಖ್ಯೆಗೇ ಹೋಗಿ ಕೂರುತ್ತದೆ. ಗೋಡೆಗೆ ಅಂಟಿಸಿದ್ದ ಎಲ್ಲರಿಗೂ ಒಂದೇ ಕ್ಯೂಆರ್ ಕೋಡನ್ನು ಕಿತ್ತು ಹಾಕಿದೆವು. ಆ ಚೀಟಿಯೇ ಅರ್ಧ ಗೊಂದಲದ ಮೂಲವಾಗಿತ್ತು.

ಆದರೆ ಖಜಾಂಚಿಯವರಿಗೆ ಹೊಸ ತಲೆನೋವು. ಗೇಟ್‌ವೇ ದುಡ್ಡನ್ನು ಒಬ್ಬೊಬ್ಬರದ್ದಾಗಿ ಖಾತೆಗೆ ಹಾಕುವುದಿಲ್ಲ. ಒಂದೆರಡು ದಿನದ್ದನ್ನು ಒಟ್ಟು ಸೇರಿಸಿ ಒಂದೇ ಮೊತ್ತ ಹಾಕುತ್ತದೆ. ಯುಪಿಐ ಮೇಲೆ 2020ರ ಜನವರಿಯಿಂದ ಎಂಡಿಆರ್, ಅಂದರೆ ದುಡ್ಡು ಪಡೆಯುವವರಿಂದ ಹಿಡಿಯುವ ಶುಲ್ಕ, ಇಲ್ಲ. ಕಾರ್ಡಿನಲ್ಲಿ ಕಟ್ಟಿದರೆ ಮಾತ್ರ ಶುಲ್ಕ ಮತ್ತು ಆ ಶುಲ್ಕದ ಮೇಲೆ 18% ಜಿಎಸ್‌ಟಿ ಹಿಡಿದುಕೊಂಡು ಉಳಿದದ್ದು ಬರುತ್ತದೆ. ಹಾಗಾಗಿ ಪಾಸ್‌ಬುಕ್ಕಿನಲ್ಲಿ ಕಾಣುವ ಮೊತ್ತ ಯಾವ ರಸೀದಿಗಳ ಮೊತ್ತಕ್ಕೂ ಹೊಂದುವುದಿಲ್ಲ. ಬ್ಯಾಂಕಿನಲ್ಲೇ ಕೆಲಸ ಮಾಡಿ ನಿವೃತ್ತರಾದ ಖಜಾಂಚಿಯವರು ಒಂದು ವಾರ ನಿದ್ದೆ ಕೆಡಿಸಿಕೊಂಡರು. ಯಾವ ಮೊತ್ತದಲ್ಲಿ ಯಾರ ಯಾರ ದುಡ್ಡು ಸೇರಿದೆ ಅಂತ ತೋರಿಸುವ ಗೇಟ್‌ವೇಯ ಸೆಟಲ್‌ಮೆಂಟ್ ವರದಿಯನ್ನು ಎಲ್ಲಿಂದ ಇಳಿಸಿಕೊಳ್ಳಬೇಕು ಅಂತ ತೋರಿಸಿದ ಮೇಲೆ ಸಮಾಧಾನ ಆಯಿತು. ಇದನ್ನು ಮೊದಲೇ ಹೇಳಿಕೊಡುವ ಜವಾಬ್ದಾರಿ ಸೇವೆ ಮಾರಿದವರದ್ದು, ಅವರು ಹೇಳಲಿಲ್ಲ.

ಜುಲೈ ಒಂದರ ಬೆಳಿಗ್ಗೆ

2025ರ ಏಪ್ರಿಲ್‌ನಿಂದ ಹೊಸ ಪದ್ಧತಿಯಲ್ಲಿ ರಿನೀವಲ್. ಎಸ್ಸೆಮ್ಮೆಸ್ ಕಳಿಸೋಣ ಅಂದರೆ ಕಳಿಸುವವರ ಹೆಸರು, ಸಂದೇಶದ ಮಾದರಿ ಎರಡನ್ನೂ ಟೆಲಿಕಾಂ ಕಂಪನಿಗಳ ನೋಂದಣಿ ವ್ಯವಸ್ಥೆಯಾದ ಡಿಎಲ್‌ಟಿಯಲ್ಲಿ ಮೊದಲು ನೋಂದಾಯಿಸಬೇಕು. ನಾನೂರು ಜನಕ್ಕಾಗಿ ಅಷ್ಟೆಲ್ಲ ಯಾರು ಓಡಾಡುತ್ತಾರೆ? ಇಮೇಲು, ವಾಟ್ಸಾಪು, ನೋಟಿಸ್ ಬೋರ್ಡು ಸಾಕು ಅಂದುಕೊಂಡೆವು. ಜನ ಚೆನ್ನಾಗೇ ಕಟ್ಟಿದರು. ಮೇ ಹೊತ್ತಿಗೆ ಸಮಿತಿ ಖುಷಿಯಲ್ಲಿತ್ತು.

ಜೂನ್ 30ರ ರಾತ್ರಿ ಸೈಟು ತನಗೆ ಹೇಳಿದ ಹಾಗೆ ಮಾಡಿತು. ಕಟ್ಟದವರ ಸದಸ್ಯತ್ವವನ್ನು ತಾನೇ ನಿಲ್ಲಿಸಿತು. ಬೆಳಿಗ್ಗೆ ಐದೂವರೆಗೆ ಗೇಟಿನಲ್ಲಿ ಹೊಸ ಸೆಕ್ಯುರಿಟಿ ಹುಡುಗ, ಕೈಯಲ್ಲಿ ಟ್ಯಾಬ್ಲೆಟ್. ಕಾರ್ಡಿನ ಕ್ಯೂಆರ್ ತೋರಿಸಿದರೆ ಹಸಿರು, ಇಲ್ಲವಾದರೆ ಕೆಂಪು. ಕೆಂಪು ಬಂದವರಲ್ಲಿ ಒಬ್ಬರು ಕ್ಲಬ್ಬಿನ ಜಾಗಕ್ಕಾಗಿ ಓಡಾಡಿದ ಮೊದಲ ತಲೆಮಾರಿನವರು. ಕೈಯಲ್ಲಿ ಪೇಪರ್, ತಲೆಗೆ ಮಂಕಿ ಕ್ಯಾಪ್. ಹುಡುಗ ಊರಿಗೂ ಹೊಸಬ, ಕನ್ನಡವೂ ಅಷ್ಟಕ್ಕಷ್ಟೆ. ಒಳಗೆ ಬಿಡಲಿಲ್ಲ. ಅವರ ಹಿಂದೆ ಇನ್ನೂ ಆರೇಳು ಜನ. ಅರ್ಧ ಗಂಟೆಯಲ್ಲಿ ವಾಟ್ಸಾಪ್ ಗ್ರೂಪು ಹೊತ್ತಿ ಉರಿಯುತ್ತಿತ್ತು.

ಅವರೆಲ್ಲರೂ ದುಡ್ಡು ಕಟ್ಟಿದ್ದರು. ಚೆಕ್ಕಿನಲ್ಲೋ ನಗದಿನಲ್ಲೋ, ಕೌಂಟರಿನಲ್ಲಿ, ಮ್ಯಾನೇಜರ ಕೈಗೆ. ಅವರು ಎಂದಿನಂತೆ ಹಳೆಯ ಪುಸ್ತಕದಲ್ಲಿ ರಸೀದಿ ಹರಿದು ಕೊಟ್ಟಿದ್ದರು. ಸೈಟಿನಲ್ಲಿ ಹಾಕುವುದು ವಾರಕ್ಕೊಮ್ಮೆ ಅಂತ ಮಾತಾಗಿತ್ತು, ಜೂನ್ ಕೊನೆಯ ನೂಕುನುಗ್ಗಲಿನಲ್ಲಿ ಆಗಿರಲಿಲ್ಲ. ಕ್ಲಬ್ಬಿಗೆ ಎರಡು ರಿಜಿಸ್ಟರ್ ಇದ್ದವು, ಯಾವುದು ನಿಜವಾದದ್ದು ಅಂತ ಯಾರೂ ಹೇಳಿರಲಿಲ್ಲ. ಸಮಿತಿ ಸೈಟನ್ನು ನಂಬಿತ್ತು, ಮ್ಯಾನೇಜರು ಪುಸ್ತಕವನ್ನು.

ಅದೇ ತಿಂಗಳು ಇನ್ನೊಂದು ಗಾಬರಿ. ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳಲ್ಲಿ "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಅನ್ನುವ ಬೋರ್ಡು ಬಂದವು. ಕ್ಲಬ್ಬಿನಲ್ಲೂ ದನಿ ಎದ್ದಿತು: ನೋಡಿ, ಆನ್‌ಲೈನ್ ಮಾಡಿದ್ದಕ್ಕೆ ಈಗ ನಮಗೂ ನೋಟಿಸ್ ಬರುತ್ತದೆ, ಹಳೆಯ ಪದ್ಧತಿಗೇ ಹೋಗೋಣ. ಸೈಟಿನ ಮೇಲೆ ಮೊದಲೇ ಸಿಟ್ಟಿದ್ದವರಿಗೆ ಇದು ಚೆನ್ನಾಗಿ ಒದಗಿತು. ಆಡಿಟರ್ ಬಂದು ಬಿಡಿಸಿ ಹೇಳಿದರು. ಕ್ಲಬ್ಬು ತನ್ನ ಸದಸ್ಯರಿಂದಲೇ ತೆಗೆದುಕೊಳ್ಳುವ ದುಡ್ಡನ್ನೂ ಜಿಎಸ್‌ಟಿ ವ್ಯಾಪ್ತಿಗೆ ತರುವ ತಿದ್ದುಪಡಿ 2021ರ ಹಣಕಾಸು ಕಾಯ್ದೆಯಲ್ಲೇ ಬಂದಿದೆ. ಆದರೆ ಸೇವೆಗಳಿಗೆ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ. ನಮ್ಮ ಚಂದಾ, ಕೋರ್ಟ್ ಶುಲ್ಕ, ಕ್ಯಾಂಪು ಎಲ್ಲ ಸೇರಿದರೂ ಅಲ್ಲಿಗೆ ಮುಟ್ಟುವುದಿಲ್ಲ. ಮಿತಿಯ ಲೆಕ್ಕಕ್ಕೆ ನಗದು, ಯುಪಿಐ ಎರಡೂ ಒಂದೇ. ದುಡ್ಡು ಹೇಗೆ ಬಂತು ಅನ್ನುವುದರಿಂದ ತೆರಿಗೆ ಬದಲಾಗುವುದಿಲ್ಲ, ಲೆಕ್ಕ ಇದೆಯೋ ಇಲ್ಲವೋ ಅನ್ನುವುದಷ್ಟೇ ಬದಲಾಗುತ್ತದೆ.

ಸಮಿತಿ ಮಾಡಿದ ತೀರ್ಮಾನ

ತುರ್ತು ಸಭೆಯಲ್ಲಿ ಎರಡು ದಾರಿ ಇದ್ದವು. ಸೈಟನ್ನು ಆನ್‌ಲೈನ್ ಕಟ್ಟುವವರಿಗೆ ಮಾತ್ರ ಇಟ್ಟು ಪುಸ್ತಕವನ್ನು ಹಿರಿಯರಿಗೆ ಉಳಿಸುವುದು ಒಂದು. ಕೇಳಲು ಉದಾರವಾಗಿತ್ತು, ಬಹುಮತವೂ ಅತ್ತಲೇ ವಾಲಿತ್ತು. ತಡೆದದ್ದು ಮ್ಯಾನೇಜರೇ. "ಸಾರ್, ಎರಡು ಕಡೆ ಬರೆಯೋಕೆ ನನ್ನ ಕೈಲಾಗಲ್ಲ. ಒಂದೇ ಇಡಿ. ಯಾವ್ದಾದ್ರೂ ಸರಿ" ಅಂದರು. ಆ ಮಾತಿನ ಮೇಲೆ ಇಡೀ ಚರ್ಚೆ ತಿರುಗಿತು.

ರಸೀದಿ ಪುಸ್ತಕ ಬೀರುವಿಗೆ ಹೋಯಿತು, ಬೀಗದ ಕೈ ಖಜಾಂಚಿಯವರ ಹತ್ತಿರ. ಕೌಂಟರಿನಲ್ಲಿ ನಗದು ಕೊಟ್ಟರೂ ಅಲ್ಲೇ ಸೈಟಿನಲ್ಲಿ ಹಾಕಬೇಕು, ಅಲ್ಲಿಂದಲೇ ರಸೀದಿ ಪ್ರಿಂಟ್ ಆಗಬೇಕು. ಸೈಟಿನಿಂದ ಬಂದ ರಸೀದಿ ಇಲ್ಲದಿದ್ದರೆ ದುಡ್ಡು ಕಟ್ಟಿದ ಹಾಗಲ್ಲ. ಅದಕ್ಕಾಗಿ ಒಂದು ಸಣ್ಣ ಪ್ರಿಂಟರ್ ಕೊಂಡರು, ಕರೆಂಟ್ ಹೋದರೆ ಅಂತ ಒಂದು ಯುಪಿಎಸ್. ನೆಟ್ ಇಲ್ಲದ ಹೊತ್ತಿಗೆ ಮ್ಯಾನೇಜರ ಫೋನಿನ ಹಾಟ್‌ಸ್ಪಾಟ್, ಅದರ ರೀಚಾರ್ಜ್ ಕ್ಲಬ್ಬಿನ ಖರ್ಚು.

ಸೈಟು ತಾನೇ ಯಾರನ್ನೂ ನಿಲ್ಲಿಸುವ ಹಾಗಿಲ್ಲ ಅಂತಲೂ ನಿರ್ಣಯವಾಯಿತು. ಅವಧಿ ಮುಗಿದವರ ಪಟ್ಟಿ ಕೊಡಲಿ. ಮ್ಯಾನೇಜರು ಒಂದು ಫೋನ್ ಮಾಡಲಿ. ಆಮೇಲೆ ಸೆಕ್ರೆಟರಿ ಒಂದೊಂದಾಗಿ ನೋಡಿ ನಿಲ್ಲಿಸಲಿ. ಗೇಟಿನ ಟ್ಯಾಬ್ಲೆಟ್‌ನಲ್ಲಿ ಕೆಂಪು ತೆಗೆದು ಹಳದಿ ಮಾಡಿದರು. ಹಳದಿ ಬಂದರೆ ಒಳಗೆ ಬಿಡಬೇಕು, ಆಫೀಸಿಗೆ ಹೋಗಿ ಬನ್ನಿ ಅಂತ ಹೇಳಬೇಕು. ಆ ಹಿರಿಯರ ಮನೆಗೆ ಅಧ್ಯಕ್ಷರೂ ಸೆಕ್ರೆಟರಿಯೂ ಹೋಗಿ ಬಂದರು. ಕಾಫಿ ಕುಡಿಸಿ ಕಳಿಸಿದರಂತೆ, ಒಂದಿಷ್ಟು ಬೈದೂ ಕಳಿಸಿದರಂತೆ.

ಫಲಿತಾಂಶ

2025ರ ಸೆಪ್ಟೆಂಬರ್ ಮಹಾಸಭೆಗೆ ಹದಿನೈದು ದಿನ ಮೊದಲೇ ಓಟಿನ ಹಕ್ಕಿರುವವರ ಪಟ್ಟಿಯನ್ನು ಸೈಟಿನಿಂದ ತೆಗೆದು ನೋಟಿಸ್ ಬೋರ್ಡಿಗೆ ಹಾಕಿದರು. ಆಕ್ಷೇಪಣೆಗೆ ಒಂದು ವಾರ. ಕೆಲವು ಬಂದವು, ಬಹುಪಾಲು ಹೆಸರಿನ ಅಕ್ಷರ ತಪ್ಪಿನವು. ಸಭೆಯಲ್ಲಿ ಪಟ್ಟಿಯ ಬಗ್ಗೆ ಒಂದು ಪ್ರಶ್ನೆಯೂ ಏಳಲಿಲ್ಲ. ಕುಟುಂಬ ಸದಸ್ಯತ್ವಕ್ಕೆ ಗಂಡ ಹೆಂಡತಿ ಇಬ್ಬರಿಗೂ ಒಂದೊಂದು ಓಟು ಅಂತ ಬೈಲಾ ತಿದ್ದುಪಡಿಗೆ ಸಭೆ ಒಪ್ಪಿತು. ಚರ್ಚೆ ಜೋರಾಗೇ ನಡೆಯಿತು, ಆದರೆ ಅದು ನಿಯಮದ ಬಗ್ಗೆ, ಯಾರೋ ಒಬ್ಬರ ಬಗ್ಗೆ ಅಲ್ಲ. ಹಿಂದಿನ ವರ್ಷದ ಗಲಾಟೆಯನ್ನು ನೋಡಿದವರಿಗೆ ಈ ವ್ಯತ್ಯಾಸ ಎದ್ದು ಕಂಡಿತು.

"ಯಾರದ್ದು ತಿಳಿದಿಲ್ಲ" ಸಾಲು ಈಗ ಹೆಚ್ಚೂಕಡಿಮೆ ಖಾಲಿ. ಸದಸ್ಯರ ಸಂಖ್ಯೆ ಮಾತ್ರ ಎಲ್ಲರೂ ಅಂದುಕೊಂಡದ್ದಕ್ಕಿಂತ ಕಡಿಮೆ ಬಂತು. ಡಬಲ್ ಎಂಟ್ರಿ, ತೀರಿಕೊಂಡವರು, ಊರು ಬಿಟ್ಟವರು ಹೋದ ಮೇಲೆ ಉಳಿದದ್ದು ಅಷ್ಟೇ. ವೆಬ್‌ಸೈಟ್ ಬಂದ ಮೇಲೆ ಸದಸ್ಯರು ಕಡಿಮೆಯಾದರು ಅಂತ ಈಗಲೂ ಕೆಲವರು ಹೇಳಿಕೊಂಡು ತಿರುಗುತ್ತಾರೆ.

ಬೇರೆ ಕ್ಲಬ್ಬಿನವರು ಕೇಳಿದಾಗ

ಪಕ್ಕದ ಬಡಾವಣೆಯ ಸಂಘದವರು ಬಂದು, "ಯಾವ ಸಾಫ್ಟ್‌ವೇರ್ ತಗೊಂಡ್ರಿ ಸಾರ್?" ಅಂತ ಕೇಳಿದರು. ಮೊದಲು ಬೈಲಾ ತೆಗೆದು ಓದಿ ಅಂದೆ. ನಿಮ್ಮ ಹತ್ತಿರ ಉತ್ತರ ಇಲ್ಲದ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಅವಧಿ ಯಾವತ್ತಿಗೆ, ಬಿಡುವು ಎಷ್ಟು, ಕುಟುಂಬ ಯಾರು, ಓಟು ಯಾರಿಗೆ. ಇವುಗಳಿಗೆ ನಿರ್ಣಯ ಆಗುವ ತನಕ ಯಾವ ಸೇವೆಗೂ ದುಡ್ಡು ಕಟ್ಟಬೇಡಿ. ಚುನಾವಣೆ ಹತ್ತಿರ ಇದ್ದಾಗ ಶುರು ಮಾಡಬೇಡಿ, ಮಾಡಿದರೆ ಪ್ರತಿ ನಿಯಮದ ಹಿಂದೆಯೂ ಯಾರದ್ದೋ ಲೆಕ್ಕಾಚಾರ ಇದೆ ಅಂತ ಜನ ಅಂದುಕೊಳ್ಳುತ್ತಾರೆ.

ಹಳೆಯದನ್ನು ನಿಲ್ಲಿಸುವ ತಾರೀಖನ್ನು ಹೊಸದನ್ನು ಶುರು ಮಾಡುವ ದಿನವೇ ಗೊತ್ತು ಮಾಡಬೇಕು ಅಂತಲೂ ಹೇಳಿದೆ. ಎರಡನ್ನೂ ಜೊತೆಯಲ್ಲಿ ನಡೆಸುವುದು ಸುರಕ್ಷಿತ ಅನ್ನಿಸುತ್ತದೆ. ಒಂದೆರಡು ತಿಂಗಳಿಗೆ ಪರವಾಗಿಲ್ಲ, ಆಮೇಲೆ ಅಪಾಯವೇ. ಮತ್ತೆ ಆಫೀಸ್ ನೋಡಿಕೊಳ್ಳುವವರನ್ನು ಟ್ರೈನಿಂಗ್ ದಿನಕ್ಕೆ ಕರೆಯುವ ಬದಲು ಸೇವೆ ಆರಿಸುವ ದಿನಕ್ಕೇ ಕರೆಯಿರಿ. ನಮ್ಮ ಮ್ಯಾನೇಜರನ್ನು ಮೊದಲ ಸಭೆಗೇ ಕೂರಿಸಿಕೊಂಡಿದ್ದರೆ ಎರಡು ರಿಜಿಸ್ಟರಿನ ವಿಷಯ ಅಂದೇ ಹೊರಗೆ ಬರುತ್ತಿತ್ತು. ಅವರು ಸಾಫ್ಟ್‌ವೇರಿಗೆ ವಿರೋಧ ಅಂತ ಸಮಿತಿಯಲ್ಲಿ ಬಹಳ ಜನ ನಂಬಿದ್ದರು. ಅವರನ್ನು ಯಾರೂ ಕೇಳಿರಲಿಲ್ಲ, ಅಷ್ಟೇ.

ಕೆಲವು ಕೆಲಸ ಹಾಗೇ ಉಳಿದಿವೆ. ಆಜೀವ ಸದಸ್ಯರಲ್ಲಿ ಸುಮಾರು ಜನರ ವಿಳಾಸಕ್ಕೆ ಹಾಕಿದ ಪತ್ರ ವಾಪಸ್ ಬಂದಿದೆ. ಅವರು ಇದ್ದಾರೋ ಇಲ್ಲವೋ ಗೊತ್ತಿಲ್ಲ, ತೆಗೆಯಲು ಬೈಲಾದಲ್ಲಿ ದಾರಿ ಇಲ್ಲ, ಇಟ್ಟರೆ ಸಭೆಗೆ ಬೇಕಾದ ಕನಿಷ್ಠ ಹಾಜರಾತಿಯ, ಅಂದರೆ ಕೋರಂ, ಲೆಕ್ಕಕ್ಕೆ ತೊಂದರೆ. ಸದ್ಯಕ್ಕೆ "ಸಂಪರ್ಕ ಇಲ್ಲ" ಅಂತ ಬೇರೆ ಗುಂಪು ಮಾಡಿ ಇಟ್ಟಿದ್ದಾರೆ. ಇದಕ್ಕೊಂದು ತಿದ್ದುಪಡಿ ಮುಂದಿನ ಮಹಾಸಭೆಗೆ ಬರಲಿದೆ. ಸೈಟಿನ ಅಡ್ಮಿನ್ ಪಾಸ್‌ವರ್ಡ್ ಈಗ ಮೂವರ ಹತ್ತಿರ ಇದೆ. ಸಮಿತಿ ಬದಲಾದ ದಿನ ಬೀರುವಿನ ಬೀಗದ ಕೈ, ಚೆಕ್ ಪುಸ್ತಕ, ಪಾಸ್‌ವರ್ಡ್ ಮೂರನ್ನೂ ಒಟ್ಟಿಗೆ ಕೊಟ್ಟು ಮಿನಿಟ್ಸಿನಲ್ಲಿ ಬರೆಯಬೇಕು ಅಂತ ನಿರ್ಣಯ ಆಗಿದೆ. ಕೋರ್ಟ್ ಬುಕಿಂಗನ್ನೂ ಸೈಟಿಗೆ ಹಾಕಿ ಅಂತ ಶಟಲ್ ಆಡುವ ಹುಡುಗರು ಕೇಳುತ್ತಿದ್ದಾರೆ. ಬೆಳಿಗ್ಗೆ ಆರು ಗಂಟೆಯ ಸ್ಲಾಟ್ ಯಾರದ್ದು ಅನ್ನುವುದು ಮೊದಲು ಇತ್ಯರ್ಥವಾಗಲಿ, ಆಮೇಲೆ ನೋಡೋಣ ಅಂತ ಸಮಿತಿ ಹೇಳಿದೆ.